ಹೊರಸಿನ ಮೇಲಿಟ್ಟ ಚೀಲ

ನನಗೆ ನಶ್ಯದ ಚಟವಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಚಟ ಇಲ್ಲದಿದ್ದರೆ ಗೊಬ್ಬೂರಿನಲ್ಲಿ ನಡೆದದ್ದರ ಅರ್ಧ ಭಾಗ ನನಗೆ ಮೊದಲ ದಿನವೇ ತಿಳಿದುಹೋಗುತ್ತಿತ್ತು. ಉಳಿದರ್ಧ ಇವತ್ತಿಗೂ ತಿಳಿದಿಲ್ಲ.

ಆಗ ನಾನು ಆಳಂದದ ಸಾವುಕಾರರೊಬ್ಬರ ಪೇಢಿಯಲ್ಲಿ ವಸೂಲಿ ಕಾರಕೂನನಾಗಿದ್ದೆ. ಯುದ್ಧ ನಡೆದಿದ್ದ ಕಾಲ. ಆಳಂದದಿಂದ ಅಫಜಲಪುರ, ಅಲ್ಲಿಂದ ಭೀಮಾನದಿ ದಾಟಿ ಜೇವರ್ಗಿ, ಹೀಗೆ ತಿಂಗಳಿಗೊಂದು ಸುತ್ತು. ಸಿಕ್ಕರೆ ಮೋಟಾರು, ಇಲ್ಲದಿದ್ದರೆ ಯಾರದೋ ಬಂಡಿ, ಅದೂ ಇಲ್ಲದಿದ್ದರೆ ಕಾಲು. ಹೆಗಲಿಗೊಂದು ಖಾದಿಯ ಚೀಲ, ಅದರೊಳಗೆ ಆ ಸುತ್ತಿನ ಸಾಲಪತ್ರಗಳು. ಬದುಕಿರುವವರ ಪತ್ರಕ್ಕೆ ಬಿಳಿ ದಾರ, ಸತ್ತವರ ಪತ್ರಕ್ಕೆ ಕೆಂಪು ದಾರ ಕಟ್ಟುವುದು ನಮ್ಮ ಪೇಢಿಯ ಪದ್ಧತಿ. ನಾನು ಹೇಳುತ್ತಿರುವ ಸುತ್ತುಗಳಲ್ಲಿ ನನ್ನ ಚೀಲದಲ್ಲಿ ಮೂರು ಕೆಂಪು ದಾರದ ಪತ್ರಗಳಿದ್ದವು. ಒಂದು ಗೊಬ್ಬೂರಿನದು, ಒಂದು ಅಂದೋಲಾದ್ದು, ಇನ್ನೊಂದು ಜೇವರ್ಗಿ ಪೇಟೆಯದು.

ಸಾಲಗಾರನ ವಿಷಯದಲ್ಲಿ ಸಾಲಪತ್ರ ಹೆಚ್ಚೇನೂ ಹೇಳುವುದಿಲ್ಲ. ಹೆಸರು, ಊರು, ಮೊತ್ತ, ಇಬ್ಬರು ಸಾಕ್ಷಿಗಳ ಹೆಬ್ಬೆಟ್ಟು, ಅಷ್ಟೇ. ಅವನು ಈಗ ಎಲ್ಲಿದ್ದಾನೆ, ಅವನ ಕೈಯಲ್ಲಿ ಏನು ಓಡಾಡುತ್ತಿದೆ, ಮನೆಯಲ್ಲಿ ಏನು ಕಡಿಮೆಯಾಗಿದೆ ಎಂಬುದನ್ನು ಊರೇ ಹೇಳಬೇಕು. ಯಾರ ಮನೆಯ ಚಿನ್ನದ ಪಾಟ್ಲಿ ಬಳೆ ಕರಗಿತೆಂದು ಅಕ್ಕಸಾಲಿಗನಿಗೆ ಗೊತ್ತು. ಯಾರಿಗೆ ಎಲ್ಲಿಂದ ಮನಿಆರ್ಡರ್ ಬರುತ್ತದೆಂದು ಟಪಾಲಿನವನಿಗೆ ಗೊತ್ತು. ಎಣ್ಣೆಯನ್ನು ಸೇರಿನಲ್ಲಿ ಒಯ್ಯುತ್ತಿದ್ದವರು ಯಾವಾಗಿನಿಂದ ಮಿಳ್ಳೆಯಲ್ಲಿ ಒಯ್ಯತೊಡಗಿದರೆಂದು ಅಂಗಡಿಯವನಿಗೆ ಗೊತ್ತು. ಇವರಿಗೆಲ್ಲ ದುಡ್ಡು ಕೊಟ್ಟು ಬಾಯಿ ಬಿಡಿಸುವ ಕಾರಕೂನ ಶುದ್ಧ ದಡ್ಡ. ದುಡ್ಡು ಕೊಟ್ಟರೆ ನಾವು ಕೇಳಬಯಸುವುದನ್ನೇ ಹೇಳುತ್ತಾರೆ. ಸುದ್ದಿಗೆ ಸುದ್ದಿ ಕೊಡಬೇಕು. ಪಕ್ಕದೂರಿನ ಒಂದು ಬಿಸಿ ಸುದ್ದಿಯನ್ನು ಅವರ ಮುಂದಿಟ್ಟರೆ ತಮ್ಮೂರಿನ ಎರಡನ್ನು ತಾವಾಗಿಯೇ ಬಿಚ್ಚುತ್ತಾರೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನನಗೆ ಬಹಳ ಜಂಬವಿತ್ತು.

ಗೊಬ್ಬೂರಿನ ಸಾಲಗಾರ ಒಬ್ಬ ದರ್ಜಿ. ಅಫಜಲಪುರದ ಬಜಾರಿನಲ್ಲಿ ಅಂಗಡಿ ಹಾಕಲು ನಮ್ಮಲ್ಲಿ ಸಾಲ ಮಾಡಿ ಹೊಲಿಗೆ ಮಶೀನು ಕೊಂಡಿದ್ದ. ಅಂಗಡಿ ನಡೆಯಲಿಲ್ಲ. ಸಾವುಕಾರರು ಮಶೀನನ್ನು ಹರಾಜು ಹಾಕಿಸಿದರು. ಅದರಿಂದ ಸಾಲದ ಅರ್ಧವೂ ತೀರಲಿಲ್ಲ. ಹರಾಜಿನ ದಿನ ಬಜಾರಿನವರೆಲ್ಲ ನಿಂತು ನೋಡಿದ್ದರಿಂದ ಅವನಿಗೆ ಊರಲ್ಲಿ ಮುಖ ತೋರಿಸುವುದಾಗಲಿಲ್ಲ. ಬಾಕಿ ತೀರಿಸಿಯೇ ಬರುತ್ತೇನೆಂದು ಹೆಂಡತಿಗೆ ಹೇಳಿ ಸೊಲ್ಲಾಪುರದ ಗಿರಣಿ ಸೇರಿದ. ಅಲ್ಲಿಂದ ಅವನು ಕಳಿಸುವುದಕ್ಕೆ ಹಳೆ ಅರಿವೆಯ ತುಂಡು ಕೂಡಿಸಿ ಹಾಸಿ ಹೊದೆಯುವ ಕೌದಿ ಹೊಲಿದ ತನ್ನ ದುಡ್ಡನ್ನು ಸೇರಿಸಿ ಆಕೆ ತಿಂಗಳು ತಿಂಗಳು ಕಂತು ಕಟ್ಟುತ್ತಿದ್ದಳು. ಮಕ್ಕಳಿರಲಿಲ್ಲ. ಪತ್ರ ಗಂಡನ ಹೆಸರಿನಲ್ಲಿತ್ತು. ಆಕೆಯ ಹೆಬ್ಬೆಟ್ಟು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಒಂದು ಸುತ್ತಿನಲ್ಲಿ ಟಪಾಲಿನವನು ನನಗೆ, ಆ ಮನೆಗೆ ಎರಡು ತಿಂಗಳಿಂದ ಮನಿಆರ್ಡರ್ ಬಂದಿಲ್ಲವೆಂದು ತಿಳಿಸಿದ. ಕಂತು ಮಾತ್ರ ತಪ್ಪಿರಲಿಲ್ಲ. ಇದು ನಮ್ಮ ಕಸುಬಿನಲ್ಲಿ ಕಿವಿ ನೆಟ್ಟಗಾಗುವಂಥ ಸುದ್ದಿ. ಸಾವುಕಾರರು ನನ್ನನ್ನು ಸೊಲ್ಲಾಪುರಕ್ಕೆ ಕಳಿಸಿದರು. ಗಿರಣಿಗೆ ಹೋಗಿ ಕೇಳಿದರೆ ಕಾವಲುಗಾರ ಬೆನ್ನು ತಿರುಗಿಸುತ್ತಾನೆ. ನಮ್ಮ ಕಡೆಯವರು ಉಣ್ಣುವ ಖಾನಾವಳಿಗೆ ಹೋಗಬೇಕು. ಯಾರು ಎಷ್ಟು ರೊಟ್ಟಿ ತಿಂದರು, ಯಾರು ಯಾವಾಗಿನಿಂದ ಬಂದಿಲ್ಲ ಎಂಬುದು ಖಾನಾವಳಿಯವಳ ನಾಲಗೆಯ ಮೇಲಿರುತ್ತದೆ. ದರ್ಜಿಯ ಹೆಸರು ಹೇಳುತ್ತಲೇ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಜ್ವರ ಬಂದು ಐದು ದಿನ ಇದೇ ಪಡಸಾಲೆಯಲ್ಲಿ ಮಲಗಿದ್ದನಂತೆ. ಆರನೆಯ ದಿನ ಗಿರಣಿಯ ನಾಲ್ಕು ಜನ ಸೇರಿ ಮಣ್ಣು ಕೊಟ್ಟರಂತೆ. ಅವರ ಪೈಕಿ ಗೊಬ್ಬೂರಿನವರು ಯಾರೂ ಇರಲಿಲ್ಲವಾದ್ದರಿಂದ ಮನೆಗೆ ಸುದ್ದಿ ಮುಟ್ಟಿರಲಿಲ್ಲ. ಖಾನಾವಳಿಯವಳು ಒಳಗೆ ಹೋಗಿ ಅವನ ಚಂಚಿಯನ್ನು ತಂದಳು. ಎಲೆ, ಅಡಕೆ, ತಂಬಾಕು ಇಡುವ ಅರಿವೆಯ ಚೀಲ, ಕೌದಿಯ ತುಂಡುಗಳನ್ನು ಕೂಡಿಸಿ ಕೈಯಲ್ಲಿ ಹೊಲಿದದ್ದು.

“ನೀವು ಅವರ ಊರ ಕಡೀಗೆ ಹೋಗವರು. ಇದನ್ನ ಆ ಹೆಣಮಗಳ ಕೈಯಾಗ ಕೊಟ್ಟು, ಹೇಳೋದು ಹೇಳಿಬಿಡ್ರಿ,” ಎಂದಳು.

ನಾನು ಹೂಂ ಎಂದೆ. ಹಿಂದಿರುಗುವಾಗ ನಮ್ಮ ಸಂಸ್ಥಾನದ ಗಡಿಯ ಸುಂಕದ ನಾಕೆಯಲ್ಲಿ ಅಲ್ಲಿನ ಕಾರಕೂನ ನನ್ನ ಚೀಲ ಬಿಚ್ಚಿಸಿ, ಚಂಚಿಯನ್ನು ಮೂಗಿಗೆ ಹಿಡಿದು, ಇಷ್ಟು ಘಮಘಮಿಸುವ ತಂಬಾಕನ್ನು ಯಾವ ಅಂಗಡಿಯಲ್ಲಿ ಕೊಂಡೆ ಎಂದು ಕೇಳಿದ. ನನಗೇನೂ ವಾಸನೆ ಬರಲಿಲ್ಲ. ವರ್ಷಗಟ್ಟಲೆ ನಶ್ಯ ಏರಿಸಿ ನನ್ನ ಮೂಗು ಬರೀ ಮುಖದ ಅಲಂಕಾರಕ್ಕೆ ಉಳಿದಿತ್ತು.

ಪೇಢಿಯಲ್ಲಿ ಸಾವುಕಾರರು ಎಲ್ಲವನ್ನೂ ಕೇಳಿಸಿಕೊಂಡು, ಆಕೆಗೆ ಹೇಳಿದೆಯಾ ಎಂದರು. ಇನ್ನೂ ಇಲ್ಲವೆಂದೆ.

“ಹೇಳಬ್ಯಾಡ. ಆ ಹೆಣಮಗಳ ಕೈಯಾಗ ಬಳಿ ಇರೋತನಕ ಕಂತು ಬರ್ತದ. ಬಳಿ ಹೋದ ದಿನ ಪತ್ರ ರದ್ದೀ ಕಾಗದ.”

ಚಂಚಿಯನ್ನು ಪತ್ರದ ಜೊತೆಗೇ ಕಟ್ಟಿಡಲು ಹೇಳಿದರು. ಮುಂದೆ ಕೋರ್ಟು ಕಚೇರಿ ಅಂತಾದರೆ ಅವನು ಸತ್ತಿದ್ದಕ್ಕೆ ಏನಾದರೊಂದು ಪುರಾವೆ ಇರಲಿ ಎಂದು. ನಾನು ಬಿಳಿ ದಾರ ಬಿಚ್ಚಿ ಕೆಂಪು ದಾರ ಕಟ್ಟಿದೆ. ಬಾಯಿಮುಚ್ಚಿಕೊಂಡು ಇರುವುದಕ್ಕೂ ಸಂಬಳ ಬರುತ್ತದೆಂದು ಆವತ್ತು ಸಮಾಧಾನ ಮಾಡಿಕೊಂಡೆ. ಈಗ ಅದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಆ ತಿಂಗಳು ನಾನು ಗೊಬ್ಬೂರು ಮುಟ್ಟಿದಾಗ ಸುಡು ಮಧ್ಯಾಹ್ನ. ಓಣಿಯಲ್ಲಿ ನಾಯಿಯೂ ಇರಲಿಲ್ಲ. ಆಕೆ ಪಡಸಾಲೆಯಲ್ಲಿ ಕೌದಿ ಹರಡಿಕೊಂಡು ಹೊಲಿಯುತ್ತಿದ್ದಳು. ಕೈ ತುಂಬ ಹಸಿರು ಬಳೆ. ನಾನು ಎಂದಿನಂತೆ ಚೀಲವನ್ನು ಕಂಬದ ಬುಡದಲ್ಲಿಟ್ಟು ಕುಳಿತೆ. ಆಕೆಯ ಸೂಜಿ ನಿಂತಿತು. ತಲೆ ಎತ್ತಿದಳು. ನನ್ನತ್ತ ನೋಡಲಿಲ್ಲ, ಚೀಲದತ್ತ ನೋಡಿದಳು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತಳು. ಎಷ್ಟೋ ತಿಂಗಳಿಂದ ಆ ಮನೆಗೆ ಹೋಗುತ್ತಿದ್ದೆ. ನನ್ನನ್ನು ಅಣ್ಣಾ ಎನ್ನುತ್ತಿದ್ದವಳು ನನ್ನೆದುರಿಗೆ ಎಂದೂ ಹಾಗೆ ಸೆರಗು ಎಳೆದುಕೊಂಡಿರಲಿಲ್ಲ.

“ಚೀಲ ನೆಲದ ಮ್ಯಾಲ ಇಡಬ್ಯಾಡ್ರಿ, ಅಣ್ಣಾರ. ಹೊರಸಿನ ಮ್ಯಾಲ ಇಡ್ರಿ,” ಎಂದಳು.

ಗೋಡೆಗೆ ಒರಗಿಸಿದ್ದ ಹೊರಸನ್ನು, ನೂಲು ಹೆಣೆದ ಮಂಚವನ್ನು, ತಾನೇ ಇಳಿಸಿ, ಅದರ ಮೇಲೊಂದು ಹೊಸ ಕೌದಿ ಹಾಸಿದಳು. ಮಾರಲಿಕ್ಕೆ ಹೊಲಿದದ್ದು, ಒಮ್ಮೆಯೂ ಬಳಸಿರಲಿಲ್ಲ. ನಾನು ಚೀಲವನ್ನು ಅದರ ಮೇಲಿಟ್ಟೆ. ಒಳಗಿನಿಂದ ನೀರು ತಂದಳು, ಎರಡು ತಂಬಿಗೆ. ಒಂದನ್ನು ನನಗೆ ಕೊಟ್ಟು ಇನ್ನೊಂದನ್ನು ಹೊರಸಿನ ಕಾಲ ಹತ್ತಿರ ಇಟ್ಟಳು. ಕಂತು ಎಣಿಸಿ ಕೊಟ್ಟಳು. ನಾನು ಪಾವತಿ ಚೀಟಿ ಬರೆದುಕೊಟ್ಟೆ. ಎರಡನೆಯ ತಂಬಿಗೆಯ ಮಾತು ಕೇಳದೆ ಎದ್ದು ಬಂದೆ.

ಆಳಂದಕ್ಕೆ ಬಂದ ಮೇಲೆ ಸಾವುಕಾರರಿಗೆ ಒಂದೇ ಚಿಂತೆ, ಆಕೆಗೆ ಗೊತ್ತಾಗಿದೆಯೋ ಇಲ್ಲವೋ. ಇದನ್ನು ಪತ್ತೆ ಮಾಡಲು ಬಳೆಗಾರನಿಗಿಂತ ಒಳ್ಳೆಯ ದಾರಿ ಇರಲಿಲ್ಲ. ನಮ್ಮ ಮೂರೂ ತಾಲ್ಲೂಕು ಸುತ್ತುವ ಒಬ್ಬ ಮುದುಕ ಬಳೆಗಾರನಿದ್ದ. ಸಾಬರ ಪೈಕಿ, ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಮನೆಯ ಸ್ಥಿತಿಯನ್ನು ಅವನು ಹೆಂಗಸರ ಮುಂಗೈಯಲ್ಲಿ ಓದುತ್ತಿದ್ದ. ಹೋದ ವರ್ಷದ ಅಳತೆಯ ಬಳೆ ಈ ವರ್ಷ ಸಡಿಲಾದರೆ ಆ ಮನೆಯಲ್ಲಿ ಊಟ ಕಡಿಮೆಯಾಗಿದೆ. ಅಂಗೈ ಒರಟಾಗಿದ್ದರೆ ಕೂಲಿ ಶುರುವಾಗಿದೆ. ಎಷ್ಟೋ ಕಂತುಗಳನ್ನು ನಾನು ಅವನ ಈ ಓದಿನ ಮೇಲೆ ವಸೂಲು ಮಾಡಿದ್ದೆ.

ಅಫಜಲಪುರದ ಸಂತೆಯ ದಿನ ಬೇವಿನ ಮರದ ನೆರಳಲ್ಲಿ ಅವನನ್ನು ಹಿಡಿದೆ. ಗೊಬ್ಬೂರಿನ ಕೌದಿಯವಳು ಬಳೆ ಇಡಿಸಿಕೊಳ್ಳುತ್ತಿದ್ದಾಳೆಯೇ ಎಂದು ಕೇಳಿದೆ. ಹೌದೆಂದ, ಹಬ್ಬದ ಮುಂದೆ ಹನ್ನೆರಡು ಹಸಿರು ಬಳೆ ಇಡಿಸಿಕೊಂಡು ತನಗೆ ಕೈಮುಗಿದಳು, ತಾನು ಆಕೆಯ ಮುತ್ತೈದೆತನಕ್ಕೆ ಹರಸಿ ಒಂದು ಬಳೆ ಹೆಚ್ಚಿಗೆ ಇಟ್ಟೆ ಎಂದ. ಆಮೇಲೆ ತಿರುಗಿ ನನ್ನನ್ನೇ ಕೇಳಿದ, ಅದೊಂದು ಕೈಯನ್ನೇ ಯಾಕೆ ಕೇಳುತ್ತೀ ಎಂದು. ಸುದ್ದಿಗೆ ಸುದ್ದಿ ಕೊಡುವುದು ನನ್ನದೇ ಕಟ್ಟಳೆ. ಅದಕ್ಕಿಂತ ಹೆಚ್ಚಾಗಿ, ಊರಿಗೇ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ಕೊಬ್ಬು. ದರ್ಜಿ ಸತ್ತನೆಂದು ಹೇಳಿಬಿಟ್ಟೆ.

ಬಳೆಗಾರ ಹರಡಿದ್ದ ಬಳೆಗಳನ್ನು ಒಟ್ಟುಮಾಡಿದ. ಬಳೆಗಳ ನಡುವೆ ಹುಲ್ಲು ತುರುಕಿ ಮಲಾರವನ್ನು ಕಟ್ಟಿದ. ಹೆಗಲಿಗೇರಿಸಿಕೊಂಡು ಸಂತೆಯ ಗದ್ದಲದೊಳಗೆ ಹೊರಟುಹೋದ. ಇನ್ನೂ ಅರ್ಧ ದಿನದ ವ್ಯಾಪಾರ ಬಾಕಿ ಇತ್ತು. ಮುದುಕನಿಗೆ ಮೈಗೆ ಹುಷಾರಿಲ್ಲವೇನೋ ಎಂದುಕೊಂಡೆ.

ಮುಂದಿನ ತಿಂಗಳು ಗೊಬ್ಬೂರಿಗೆ ಹೋದಾಗ ಹೊರಸು ಮೊದಲೇ ಹಾಸಿತ್ತು. ನಾನು ಬರುವ ದಿನವನ್ನು ಯಾರಿಗೂ ತಿಳಿಸಿರಲಿಲ್ಲ. ಕಸುಬಿನವರು ದಿನ ಹೇಳಿ ಬರುವುದಿಲ್ಲ. ಆಕೆ ನಗುಮುಖದಿಂದ ಎರಡು ತಂಬಿಗೆ ನೀರಿಟ್ಟಳು. ನಾನು ಹಗುರಾಗಿ ಮಾತಾಡಲೆಂದು, ಎರಡನೆಯ ತಂಬಿಗೆ ಯಾರಿಗೆ ತಂಗೆವ್ವಾ ಎಂದೆ.

“ನೀವು ಬಂದ ದಿನಾನ ಅವರೂ ಬರ್ತಾರ್ರಿ,” ಎಂದಳು. ಸೆರಗು ಸರಿಪಡಿಸಿಕೊಂಡು ಹೊರಸಿನ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಮತ್ತೆ ಹೇಳಿದಳು, “ಈಗ ಜ್ವರ ಇಲ್ಲ ನೋಡ್ರಿ. ಮೈ ತಣ್ಣಗದ.”

ಜ್ವರದ ಮಾತು ನನ್ನನ್ನು, ಸಾವುಕಾರರನ್ನು ಬಿಟ್ಟರೆ ಈ ಕಡೆ ಯಾರಿಗೂ ಗೊತ್ತಿರಲಿಲ್ಲ. ಬಳೆಗಾರನಿಗೂ ನಾನು ಸತ್ತನೆಂದಷ್ಟೇ ಹೇಳಿದ್ದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಓಣಿಯಲ್ಲಿ ಯಾರೋ ಜೋಳ ಕೇರುತ್ತಿದ್ದ ಸದ್ದು. ಹೊರಸಿನ ನೂಲು ಚೀಲದ ಭಾರಕ್ಕೆ ನಡುವೆ ತಗ್ಗಿತ್ತು. ಒಂದು ಚೀಲದ ಕಾಗದಕ್ಕೆ ಅಷ್ಟು ತಗ್ಗುತ್ತದೆಯೇ ಎಂಬ ಯೋಚನೆ ಬಂದು, ಮತ್ತೆ ಆ ಕಡೆ ನೋಡಲಿಲ್ಲ. ಪಾವತಿಯ ಮೇಲೆ ತಿಂಗಳನ್ನು ತಪ್ಪು ಬರೆದು ಹೊಡೆದುಹಾಕಿ ಮತ್ತೆ ಬರೆದೆ. ಹದಿನೈದು ವರ್ಷದ ಚಾಕರಿಯಲ್ಲಿ ಅಂಥ ತಪ್ಪು ಅದೇ ಮೊದಲು.

ಭಯವಾದಾಗ ಕಾರಕೂನನಾದವನು ಮಾಡುವುದನ್ನೇ ನಾನೂ ಮಾಡಿದೆ, ತಾಳೆ ನೋಡಿದೆ. ಚೀಲದಲ್ಲಿ ಇದ್ದದ್ದೇನು, ಹೊಸದಾಗಿ ಸೇರಿದ್ದೇನು ಎಂದು ಎಲ್ಲವನ್ನೂ ಹರಡಿಕೊಂಡು ಕುಳಿತೆ. ಹೊಸದೆಂದರೆ ಚಂಚಿ ಒಂದೇ. ಮುಂದಿನ ಸುತ್ತಿಗೆ ಅದನ್ನು ಪೇಢಿಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಉಳಿದದ್ದೆಲ್ಲವನ್ನೂ ಎಂದಿನಂತೆಯೇ ಹೊತ್ತುಕೊಂಡು ಹೋದೆ.

ಹೊರಸು ಗೋಡೆಗೆ ಒರಗಿತ್ತು. ಆಕೆ ಹೊಸ್ತಿಲಲ್ಲಿ ನಿಂತು ನನ್ನ ಹಿಂದೆ ದಾರಿಯ ಉದ್ದಕ್ಕೂ ನೋಡಿದಳು.

“ಇವತ್ತ ಒಬ್ಬರ ಬಂದೀರಿ?” ಎಂದಳು.

ಒಂದೇ ತಂಬಿಗೆ ನೀರು ತಂದಳು. ಚೀಲವನ್ನು ಕಂಬದ ಬುಡದಲ್ಲಿಟ್ಟರೂ ಏನೂ ಅನ್ನಲಿಲ್ಲ. ಆಕೆ ದುಡ್ಡು ಎಣಿಸುವಾಗ ಕೈಗಳನ್ನು ನೋಡಿದೆ. ಒಂದೊಂದು ಕೈಯಲ್ಲಿ ಎರಡೆರಡು ಬಳೆ ಉಳಿದಿದ್ದವು, ಅವುಗಳಲ್ಲೂ ಒಂದು ಬಿರುಕುಬಿಟ್ಟಿತ್ತು. ಕೌದಿ ಹೊಲಿಯುವವರ ಬಳೆ ಬೇಗ ಒಡೆಯುತ್ತವೆ. ಆದರೆ ಆಕೆ ಹಾಗೆ ಬರಿಗೈಗೆ ಬರುವವರೆಗೆ ಬಿಡುತ್ತಿದ್ದವಳಲ್ಲ. ನಾನು ಕೇಳದಿದ್ದರೂ ತಾನೇ ಹೇಳಿದಳು. ಬಳೆಗಾರ ಎರಡು ಸಲ ಊರಿಗೆ ಬಂದ. ಎರಡು ಸಲವೂ ಆಚೆ ಮನೆ, ಈಚೆ ಮನೆಗಳಲ್ಲಿ ಮಲಾರ ಇಳಿಸಿದ. ಈಕೆಯ ಬಾಗಿಲ ಮುಂದೆ ತಲೆ ತಗ್ಗಿಸಿಕೊಂಡು ದಾಟಿ ಹೋದ. ಕರೆದರೂ ನಿಲ್ಲಲಿಲ್ಲ. ಓಣಿಯ ಹೆಂಗಸರು ಅದನ್ನು ಕಂಡರು. ಯಾರೂ ಏನೂ ಕೇಳಲಿಲ್ಲ. ಆದರೆ ಆ ವಾರ ಪಕ್ಕದ ಮನೆಯಲ್ಲಿ ಬಸುರಿಗೆ ಉಡಿ ತುಂಬಿದಾಗ ಈಕೆಯನ್ನು ಕರೆಯಲಿಲ್ಲ.

ಬಳೆಗಾರ ಒಂದು ಮಾತನ್ನೂ ಆಡಿರಲಿಲ್ಲ. ಸತ್ತ ಸುದ್ದಿ ಹೇಳುವುದು ಅವನ ಕೆಲಸವಲ್ಲ. ಗಂಡ ಇಲ್ಲದವಳೆಂದು ತಿಳಿದ ಮೇಲೆ ಆ ಕೈಗೆ ಹಸಿರು ಬಳೆ ಇಟ್ಟು ಹರಸುವುದೂ ಅವನಿಂದಾಗದು. ನಿಲ್ಲದೆ ಮುಂದೆ ಹೋಗುವುದೊಂದೇ ಅವನಿಗಿದ್ದ ದಾರಿ, ಹೋದ. ನಾನೇ ಕೊಟ್ಟ ಸುದ್ದಿ ಹೀಗೆ ಬಾಯಿಲ್ಲದೆ ಊರು ಸೇರಿತ್ತು. ಕೈಗಳನ್ನು ಓದುವವನ ಕಾಲುಗಳನ್ನು ಊರು ಓದುತ್ತದೆಂದು ನನಗೆ, ಇಷ್ಟು ಬಲ್ಲವನಿಗೆ, ಹೊಳೆದೇ ಇರಲಿಲ್ಲ. ಆವತ್ತಿನ ಕಂತನ್ನೂ ನಾನು ತೆಗೆದುಕೊಂಡೆ. ಅದನ್ನು ಮುಚ್ಚಿಡುವುದಿಲ್ಲ.

ಆಳಂದದಲ್ಲಿ ಸಾವುಕಾರರಿಗೆ, ಆ ಪತ್ರವನ್ನು ಬಿಟ್ಟುಬಿಡೋಣವೆಂದೆ. ಅವರು ಚಷ್ಮಾದ ಮೇಲಿನಿಂದ ನನ್ನನ್ನು ನೋಡಿ, ಬಳೆ ಎಷ್ಟು ಉಳಿದಿವೆ ಎಂದು ಕೇಳಿದರು. ನಾಲ್ಕು ಎಂದೆ. ಹಾಗಾದರೆ ಇನ್ನೂ ಒಂದೆರಡು ಕಂತು ಬರುತ್ತದೆ ಎಂದರು. ಅಲ್ಲಿಯವರೆಗೆ ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬಂದಿರಲಿಲ್ಲ. ಆವತ್ತು ಬಂತು. ನನ್ನ ಮೇಲೂ ಬಂತು, ಲೆಕ್ಕ ಕೇಳಿದ ತಕ್ಷಣ ಬಾಯಿಂದ ನಾಲ್ಕು ಎಂದು ಬಂದದ್ದಕ್ಕೆ. ಮುಂದಿನ ಸುತ್ತಿಗೆ ಹೊರಡುವ ಬೆಳಿಗ್ಗೆ ಪೆಟ್ಟಿಗೆಯ ಬೀಗ ತೆಗೆದು ಚಂಚಿಯನ್ನು ಚೀಲಕ್ಕೆ ಹಾಕಿಕೊಂಡೆ. ಆ ದಿನ ನಶ್ಯವನ್ನೂ ಏರಿಸಲಿಲ್ಲ. ಯಾಕೆಂದು ಕೇಳಿದರೆ ಹೇಳಲಾರೆ, ಆ ಮನೆಗೆ ಮಡಿಯಲ್ಲಿ ಹೋಗಬೇಕೆನಿಸಿತು.

ಓಣಿಯ ತಿರುವಿನಲ್ಲಿರುವಾಗಲೇ ಒಳಗೆ ಹೊರಸು ಇಳಿಸುವ ಸದ್ದು ಕೇಳಿತು. ನನ್ನನ್ನು ಆಕೆ ಇನ್ನೂ ಕಂಡಿರಲಿಲ್ಲ. ನಾನು ಒಳಗೆ ಹೋಗಿ ಚೀಲವನ್ನು ಹೊರಸಿನ ಮೇಲಿಟ್ಟೆ. ಎರಡು ತಂಬಿಗೆ ನೀರು ಬಂತು. ಕೈಯಲ್ಲಿ ಒಂದೊಂದೇ ಬಳೆ. ಆಕೆ ಕಂತಿನ ಗಂಟು ಬಿಚ್ಚುವಷ್ಟರಲ್ಲಿ ನಾನು ತಡೆದು, ಕೆಂಪು ದಾರ ಬಿಚ್ಚಿ ಚಂಚಿಯನ್ನು ಹೊರತೆಗೆದೆ. ಆಗ ಮೊದಲ ಸಲ ನನ್ನ ಮೂಗಿಗೂ ಬಂತು. ತಂಬಾಕು, ಲವಂಗ, ಜಾಜಿಕಾಯಿ. ಇಷ್ಟು ತಿಂಗಳು ನಾನು ಹೆಗಲ ಮೇಲೆ ಹೊತ್ತು ತಿರುಗಿದವನ ವಾಸನೆ.

“ತಂಗೆವ್ವಾ, ಈ ಪತ್ರದಾಗ ನಿನ್ನ ಹೆಬ್ಬೆಟ್ಟಿಲ್ಲ. ನೀ ಒಂದು ಪೈಸಾನೂ ಕೊಡಬೇಕಾಗಿದ್ದಿಲ್ಲ. ಇದನ್ನ ನಾ ಮೊದಲ ತಿಂಗಳ ಕೊಡಬೇಕಾಗಿತ್ತು,” ಎಂದೆ. ಗಂಡ ಸತ್ತನೆಂಬ ಮಾತನ್ನು ಮಾತ್ರ ಹೇಳದೆ ಚಂಚಿಯನ್ನು ಮುಂದೆ ಹಿಡಿದೆ.

ಆಕೆ ಚಂಚಿಯನ್ನು ಎರಡೂ ಕೈಯಿಂದ ತೆಗೆದುಕೊಂಡು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. ಅಳಲಿಲ್ಲ.

“ನಂಗ ಮೊದಲ ದಿನಾನ ವಾಸನೀ ಮ್ಯಾಲ ಗೊತ್ತಾತ್ರಿ, ಅಣ್ಣಾರ. ಇದನ್ನ ಬಿಟ್ಟು ಅವರು ಒಂದ ತಾಸೂ ಇರತಿದ್ದಿಲ್ಲ. ಕೇಳಿದ್ರ ನೀವು ಹೇಳತಿದ್ರಿ. ಹೇಳಿದ್ರ ಮತ್ತ ಬರತಿದ್ದಿಲ್ಲ. ನೀವು ಬರದಿದ್ರ ಅವರು ಹ್ಯಾಂಗ ಬರಬೇಕು?”

ಅದಕ್ಕಾಗಿ ಕಂತು ಕಟ್ಟಿದೆಯಾ ಎಂದೆ. ಹೌದೆಂದು ತಲೆಯಾಡಿಸಿದಳು. ಗಂಡ ಹೀಗೆ ಬರುವ ಸಂಗತಿ ತನಗೂ ಅವನಿಗೂ ಮಾತ್ರ ಗೊತ್ತಿತ್ತೆಂದೂ, ಬಳೆಗಾರ ದಾಟಿ ಹೋಗಿ ಊರಿಗೆ ತಿಳಿದ ದಿನವೇ ತನಗೆ ಗಂಡ ಸತ್ತನೆಂದೂ ಹೇಳಿದಳು. ಆ ಬಳೆಗಾರನಿಗೆ ಹೇಳಿದವನು ನಾನೇ ಎಂದು ಒಪ್ಪಿಕೊಂಡೆ. ಆಕೆ ಕಂತಿನ ಗಂಟನ್ನು ಉಡಿಗೆ ಸಿಕ್ಕಿಸಿಕೊಂಡಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಜ್ವರದ ವಿಷಯ ನಿನಗೆ ಯಾರು ಹೇಳಿದರೆಂದು ಕೇಳಿದೆ. ಈ ಪ್ರಶ್ನೆಯಲ್ಲಿ ಅರ್ಥವೇ ಇಲ್ಲವೆಂಬಂತೆ ನನ್ನನ್ನು ನೋಡಿ, ಅವರೇ ಎಂದಳು. ಅದರಾಚೆಗೆ ನಾನು ವಿಚಾರಿಸಲಿಲ್ಲ, ಇವತ್ತಿನವರೆಗೂ ವಿಚಾರಿಸಿಲ್ಲ. ಸಾಲಪತ್ರವನ್ನು ಹೊರಸಿನ ಮೇಲೇ ಬಿಟ್ಟು, ಬರಿದಾದ ಕೆಂಪು ದಾರವನ್ನು ಬೆರಳಿಗೆ ಸುತ್ತಿಕೊಂಡು ಚೀಲ ಎತ್ತಿಕೊಂಡೆ. ಹೊಸ್ತಿಲು ದಾಟುವಾಗ ಆಕೆ ಹಿಂದಿನಿಂದ ಕರೆದಳು.

“ಅಣ್ಣಾರ, ನಿಮ್ಮ ಚೀಲದಾಗ ಇನ್ನೂ ಯಾರ್ಯಾರು ಅದಾರ್ರಿ?”

ನಾನು ತಿರುಗಿದೆ. ಆಕೆ ಸೆರಗನ್ನು ತಲೆಯ ಮೇಲಿನಿಂದ ಇಳಿಸಿರಲಿಲ್ಲ. ಚಂಚಿ ಆಕೆಯ ಕೈಯಲ್ಲೇ ಇತ್ತು, ಕಣ್ಣು ಮಾತ್ರ ನನ್ನ ಚೀಲದ ಮೇಲಿತ್ತು.

ಗೊಬ್ಬೂರಿನ ಹೊರಗೆ ದಾರಿ ಎರಡಾಗುತ್ತದೆ. ಪತ್ರ ಬಿಟ್ಟುಬಂದ ಕಾರಕೂನನಿಗೆ ಆಳಂದದ ಪೇಢಿಯಲ್ಲಿ ಏನು ಕಾದಿರುತ್ತದೆಂದು ಗೊತ್ತೇ ಇತ್ತು, ಮುಂದೆ ಹಾಗೆಯೇ ಆಯಿತು. ನಾನು ಆ ಕಡೆ ತಿರುಗದೆ ನದಿಯ ದಾರಿ ಹಿಡಿದೆ. ದೋಣಿಯಲ್ಲಿ ಅಂಬಿಗ ಚೀಲವನ್ನು ಕೆಳಗಿಡಲು ಹೇಳಿದ. ತೊಡೆಯ ಮೇಲಿಟ್ಟುಕೊಂಡೇ ದಾಟಿದೆ. ಅದು ಯಾಕೋ ಮೊದಲಿಗಿಂತ ಭಾರವಾಗಿತ್ತು.

ಅಂದೋಲಾದ ಸಾಲಗಾರ ವಾಡಿಯ ಕಡೆ ಕಲ್ಲಿನ ಗಣಿಯಲ್ಲಿ ಸತ್ತಿದ್ದ. ಊರಲ್ಲಿ ಅವನಿಗೆ ಅಕ್ಕ ಒಬ್ಬಳೇ. ಅವನ ಹೆಸರಿನ ಕಂತನ್ನು ಅವಳು ಎರಡು ವರ್ಷದಿಂದ ಕಟ್ಟುತ್ತಿದ್ದಳು. ನಾನು ಹೋದಾಗ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಮೊರ ಕೆಳಗಿಟ್ಟು ದುಡ್ಡು ತರಲು ಏಳಹೋದಳು.

“ದುಡ್ಡು ಬ್ಯಾಡ ಅಕ್ಕಾ. ಮೊದಲು ಒಂದು ಹೊರಸು ಹಾಕು,” ಎಂದೆ. “ಈ ಚೀಲ ನೆಲದ ಮ್ಯಾಲ ಇಡಂಗಿಲ್ಲ.”